ಒಂದೇ ಹತ್ತಿ, ನಾಲ್ಕು ಅಳತೆ: ಗದಗಿನ ಒಂದು ಗಿರಣಿ ಮತ್ತು ಸಮೀಕ್ಷೆಯ ಫಾರ್ಮ್

ಗದಗ-ಬೆಟಗೇರಿಯ ಕೆಲವು ಗಿರಣಿಗಳ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಇಲ್ಲಿ ಬರೆದಿರುವುದು ಅವುಗಳಲ್ಲಿ ಒಂದರ ಕಥೆ. ಮಾಲೀಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಅಂಕಿಗಳನ್ನೂ ಓದಲು ಸುಲಭವಾಗಲಿ ಎಂದು ದುಂಡಗೆ ಮಾಡಿದ್ದೇನೆ. ಸರ್ಕಾರದ ಸಮೀಕ್ಷೆ ಎಂದರೆ ತಲೆನೋವು ಎಂದುಕೊಂಡಿರುವ ಸಣ್ಣ ಕಾರ್ಖಾನೆಯವರಿಗೂ, ಆ ಫಾರ್ಮ್ ಹಿಡಿದು ಬರುವ ಅಧಿಕಾರಿಗಳಿಗೂ ಇದು ಉಪಯೋಗಕ್ಕೆ ಬರಬಹುದು.

ಗಿರಣಿ

ಹತ್ತಿಯಿಂದ ಕಾಳು ಬಿಡಿಸಿ ಅರಳೆ ಮಾಡುವ ಗಿರಣಿ ಇದು. ಸಾಲಾಗಿ ಹತ್ತಿ ಬಿಡಿಸುವ ಡಬಲ್ ರೋಲರ್ ಜಿನ್‌ಗಳು, ಕೊನೆಗೆ ಅರಳೆಯನ್ನು ಒತ್ತಿ ಬೇಲ್ ಎಂಬ ಗಂಟು ಕಟ್ಟುವ ಒಂದು ಪ್ರೆಸ್. ಹಂಗಾಮಿನಲ್ಲಿ ಸುಮಾರು 40 ಜನ ಕೆಲಸ ಮಾಡುತ್ತಾರೆ. ಹಂಗಾಮು ಮುಗಿದ ಮೇಲೆ ಕಾವಲುಗಾರ, ಫಿಟ್ಟರ್, ಆಫೀಸಿನವರು ಸೇರಿ ಆರೇಳು ಜನ ಉಳಿಯುತ್ತಾರೆ. ಮಾಲೀಕರಿಗೆ ಅರವತ್ತರ ಆಸುಪಾಸು. ಎಲ್ಲರೂ ಸಾವ್ಕಾರ್ರು ಅಂತಲೇ ಕರೆಯುತ್ತಾರೆ. ವಹಿ, ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್, ಬ್ಯಾಂಕು ಎಲ್ಲ ನೋಡುವವರು ಒಬ್ಬ ಹೆಣ್ಣುಮಗಳು. ಗಿರಣಿಯಲ್ಲಿ ಅವರಿಗೆ ಅಕ್ಕಾರು ಅಂತಲೇ ಹೆಸರು.

ಗಿರಣಿ ಎರಡು ರೀತಿಯ ಕೆಲಸ ಮಾಡುತ್ತದೆ. ಒಂದು, ತಾನೇ ಹತ್ತಿ ಕೊಂಡು ಅರಳೆ ಮಾಡಿ ಮಾರುವುದು. ಇನ್ನೊಂದು, ಬೇರೆ ವ್ಯಾಪಾರಿಗಳ ಹತ್ತಿಯನ್ನು ಕೂಲಿಗೆ ಬಿಡಿಸಿಕೊಡುವುದು. ಇದರ ಜೊತೆಗೆ ಅದೇ ಪಾಲುದಾರಿಕೆಯ ಹೆಸರಿನಲ್ಲಿ ಎಪಿಎಂಸಿಯಲ್ಲಿ ಕಡಲೆ, ಹೆಸರುಕಾಳಿನ ಅಂಗಡಿಯೂ ಇದೆ. ಗಿರಣಿಗೂ ಅಂಗಡಿಗೂ ಬ್ಯಾಲೆನ್ಸ್ ಶೀಟ್ ಒಂದೇ. ಈ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಸಮೀಕ್ಷೆ ಯಾವುದು ಅಂದರೆ, ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ. ಎಎಸ್‌ಐ ಅಂತ ಕರೆಯುತ್ತಾರೆ. 1960ರಲ್ಲಿ ಶುರುವಾದ ಇದನ್ನು ಈಗ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ನಡೆಸುತ್ತದೆ. ಈ ಕಥೆ ನಡೆದಾಗ 1948ರ ಕಾರ್ಖಾನೆ ಕಾಯ್ದೆಯಡಿ ನೋಂದಣಿಯಾದ ಕಾರ್ಖಾನೆಗಳು ಇದರ ಪಟ್ಟಿಯಲ್ಲಿ ಇರುತ್ತಿದ್ದವು. ಅಂದರೆ ಕರೆಂಟು ಬಳಸಿ 10 ಅಥವಾ ಹೆಚ್ಚು ಕೆಲಸಗಾರರು, ಕರೆಂಟಿಲ್ಲದೆ 20 ಅಥವಾ ಹೆಚ್ಚು ಕೆಲಸಗಾರರು ಇದ್ದ ಕಡೆ. ದೇಶದ ಕೈಗಾರಿಕೆಗಳು ಎಷ್ಟು ಮೌಲ್ಯ ಸೇರಿಸಿದವು, ಎಷ್ಟು ಜನರಿಗೆ ಕೆಲಸ ಕೊಟ್ಟವು ಎಂಬ ಲೆಕ್ಕಕ್ಕೆ ಇದು ಮುಖ್ಯ ಆಧಾರ.

"ನಮ್ದು ರೈತರ ಮಾಲು, ಇಂಡಸ್ಟ್ರಿ ಹೆಂಗಾತ್ರಿ?" ಅಂತ ಸಾವ್ಕಾರ್ರು ಕೇಳಿದ್ದರು. ಪ್ರಶ್ನೆಯಲ್ಲಿ ಹುರುಳಿದೆ. ದೇಶದ 2008ರ ಕೈಗಾರಿಕಾ ವರ್ಗೀಕರಣದಲ್ಲಿ ಹತ್ತಿ ಬಿಡಿಸುವುದಕ್ಕೆ 01632 ಎಂಬ ಸಂಖ್ಯೆ ಇದೆ, ಅದು ಕೃಷಿಯ ವಿಭಾಗದಲ್ಲೇ ಬರುತ್ತದೆ. ಆದರೂ ಕಾರ್ಖಾನೆಯಾಗಿ ನೋಂದಣಿಯಾದ ಹತ್ತಿ ಗಿರಣಿಗಳನ್ನು ಎಎಸ್‌ಐ ಸೇರಿಸಿಕೊಳ್ಳುತ್ತದೆ.

ಅವರ ಇನ್ನೊಂದು ಪ್ರಶ್ನೆ ಎಲ್ಲ ಕಡೆ ಕೇಳಿಬರುವುದೇ: "ಬರೇ ನಮ್ಮನ್ನ ಯಾಕ ಹಿಡೀತಾರ?" 100 ಅಥವಾ ಹೆಚ್ಚು ಜನ ಇರುವ ಕಾರ್ಖಾನೆಗಳನ್ನು ಪ್ರತಿ ವರ್ಷ ಕೇಳುತ್ತಾರೆ. ಉಳಿದವುಗಳಲ್ಲಿ ಮಾದರಿಯಾಗಿ ಕೆಲವನ್ನು ಆರಿಸುತ್ತಾರೆ. ಆದರೆ ಒಂದು ಜಿಲ್ಲೆಯಲ್ಲಿ ಒಂದು ಬಗೆಯ ಕಾರ್ಖಾನೆಗಳೇ ಬೆರಳೆಣಿಕೆಯಷ್ಟಿದ್ದರೆ ಆರಿಸಲು ಏನು ಉಳಿಯುತ್ತದೆ? ಎಲ್ಲವೂ ಪಟ್ಟಿಗೆ ಬರುತ್ತವೆ. ಸಣ್ಣ ಜಿಲ್ಲೆಯ ಸಣ್ಣ ಗಿರಣಿಗೆ ವರ್ಷವರ್ಷವೂ ಫಾರ್ಮ್ ಬರುವುದು ಹೀಗೆ. ಬೆಂಗಳೂರಿನಲ್ಲಿ ಇಷ್ಟೇ ದೊಡ್ಡ ಕಾರ್ಖಾನೆಗೆ ಹಲವು ವರ್ಷ ಬರದೇ ಇರಬಹುದು. ಇದನ್ನು ಯಾರೂ ಸಾವ್ಕಾರ್ರಿಗೆ ಮೊದಲೇ ಹೇಳಿರಲಿಲ್ಲ. ತಮ್ಮ ಮೇಲೆ ಯಾರದೋ ಕಣ್ಣು ಬಿದ್ದಿದೆ ಎಂದೇ ಅವರು ನಂಬಿದ್ದರು.

ಮೊದಲ ವರ್ಷ

ನೋಟಿಸ್ ಬಂದದ್ದು ಹಳೆಯ ಗುಮಾಸ್ತರ ಇಮೇಲ್‌ಗೆ. ಅವರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಹಾಗಾಗಿ ಗಿರಣಿಗೆ ವಿಷಯ ಗೊತ್ತಾದದ್ದು ಅಧಿಕಾರಿ ಬಾಗಿಲಿಗೆ ಬಂದಾಗಲೇ. ಅದು ಡಿಸೆಂಬರ್. ಹೊರಗೆ ಹತ್ತಿ ತುಂಬಿದ ಟ್ರ್ಯಾಕ್ಟರುಗಳು ತೂಕದ ಕಾಟಾದ ಮುಂದೆ ಸಾಲು ನಿಂತಿದ್ದವು.

"ಗಾಡಿ ನೋಡ್ಲೋ, ನಿಮ್ಮ ಫಾರ್ಮ್ ತುಂಬ್ಲೋ, ನೀವ ಹೇಳ್ರಿ ಸಾಹೇಬ್ರ" ಎಂದರು ಸಾವ್ಕಾರ್ರು.

ಫಾರ್ಮ್ ಸಣ್ಣದಲ್ಲ. ಸ್ಥಿರ ಆಸ್ತಿ, ದುಡಿಯುವ ಬಂಡವಾಳ, ಸಾಲ, ಕೆಲಸಗಾರರು ಮತ್ತು ಅವರ ದಿನಗಳು, ಕೂಲಿ, ಇತರ ಖರ್ಚು, ಇತರ ಆದಾಯ, ಬಳಸಿದ ಕಚ್ಚಾ ಮಾಲು, ತಯಾರಾದ ಮಾಲು. ಮಾಲಿನ ಪ್ರಮಾಣವೂ ಬೇಕು, ಬೆಲೆಯೂ ಬೇಕು. ಪ್ರತಿ ವಸ್ತುವಿಗೂ ಏಳು ಅಂಕಿಯ ಸಂಕೇತ ಹುಡುಕಬೇಕು. ಅದೇ ಚಳಿಗಾಲದಲ್ಲಿ ಇನ್ನೊಂದು ಕಚೇರಿಯಿಂದ ಅದೇ ವರ್ಷದ ಉತ್ಪಾದನೆಯ ಅಂಕಿ ಬೇರೆ ನಮೂನೆಯಲ್ಲಿ ಬೇಕು ಅಂತ ಪತ್ರ ಬಂದಿತ್ತು. ಇದೆಲ್ಲ ಪ್ರತಿ ತಿಂಗಳ ಜಿಎಸ್‌ಟಿ, ಪಿಎಫ್, ಇಎಸ್‌ಐ, ಬ್ಯಾಂಕಿನ ಸ್ಟಾಕ್ ಸ್ಟೇಟ್‌ಮೆಂಟ್ ಇವುಗಳ ಮೇಲೆ.

ಸಾವ್ಕಾರ್ರು ಬಾಯಲ್ಲಿದ್ದ ಅಂಕಿ ಹೇಳಿದರು, ಅಕ್ಕಾರು ಬರೆದರು. ತೊಂದರೆ ಅಲ್ಲೇ ಶುರುವಾಯಿತು.

ಹತ್ತಿ ವ್ಯಾಪಾರದಲ್ಲಿ ಒಂದೇ ಮಾಲು ಕೈ ಬದಲಿಸಿದಂತೆ ಅಳತೆಯೂ ಬದಲಾಗುತ್ತದೆ. ರೈತರಿಂದ ಹತ್ತಿ ಕೊಳ್ಳುವುದು ಕ್ವಿಂಟಲ್‌ನಲ್ಲಿ. ಅರಳೆಯ ದರ ಮಾತಾಡುವುದು ಖಂಡಿಯಲ್ಲಿ, ಒಂದು ಖಂಡಿಗೆ ಸುಮಾರು 356 ಕಿಲೋ. ಪ್ರೆಸ್ಸಿನಿಂದ ಹೊರಬರುವುದು ಬೇಲ್, ಒಂದಕ್ಕೆ ಸುಮಾರು 170 ಕಿಲೋ. ಫಾರ್ಮಿನಲ್ಲಿ ಅದರದೇ ಅಳತೆ. ಗಿರಣಿ ಆ ವರ್ಷ ಮಾಡಿದ ಸ್ವಂತ ಅರಳೆ 1,200 ಬೇಲ್. ಅಂದರೆ 2,040 ಕ್ವಿಂಟಲ್. ಖಂಡಿಯಲ್ಲಿ 573. ಸಾವ್ಕಾರ್ರ ತಲೆಯಲ್ಲಿದ್ದದ್ದು ಖಂಡಿ. 573 ಎಂದು ಹೇಳಿದರು. ಅದು ಕ್ವಿಂಟಲ್ ಎಂದು ಫಾರ್ಮಿಗೆ ಹೋಯಿತು. ಅರಳೆಯ ದರ ಒಂದೇ ಏಟಿಗೆ ಮೂರೂವರೆ ಪಟ್ಟು ಆಯಿತು. ಅಧಿಕಾರಿ ಫೋನ್ ಮಾಡಿ ಕೇಳಿದರು, ಸರಿ ಮಾಡಲಾಯಿತು.

ಎರಡನೇ ತಪ್ಪು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳಲಿಲ್ಲ. ಆ ವರ್ಷ ಗಿರಣಿ ಒಟ್ಟು 10,000 ಕ್ವಿಂಟಲ್ ಹತ್ತಿ ಬಿಡಿಸಿತ್ತು. ಅದರಲ್ಲಿ 6,000 ಸ್ವಂತದ್ದು, 4,000 ಕೂಲಿಯದ್ದು. ಕಾಟಾದ ವಹಿಯಲ್ಲಿ ಎರಡೂ ಕೂಡಿಯೇ ಇದ್ದವು. ಹಾಗಾಗಿ ಬಳಸಿದ ಕಚ್ಚಾ ಮಾಲು 10,000 ಎಂದು ಬರೆದರು. ತಯಾರಾದ ಅರಳೆ ಮಾತ್ರ ಸ್ವಂತದ್ದು, 2,040. ನೂರು ಕಿಲೋ ಹತ್ತಿಗೆ 20 ಕಿಲೋ ಅರಳೆ! ಗದಗಿನ ಯಾವ ಗಿರಣಿಯೂ ಹಾಗೆ ನಡೆಸಿದರೆ ಬಾಗಿಲು ಮುಚ್ಚಬೇಕಾಗುತ್ತದೆ. ನಿಜವಾದ ಇಳುವರಿ 34. ತಪಾಸಣೆಯಲ್ಲಿ ಅದು ಸಿಕ್ಕಿತು, ಪ್ರಶ್ನೆ ಬಂತು. ಸಾವ್ಕಾರ್ರಿಗೆ ಅದು ತಮ್ಮ ಮೇಲಿನ ಅನುಮಾನದ ಹಾಗೆ ಕಂಡಿತು. "ನಮ್ಮ ಜಿನ್ನಿಗೆ 34 ಬೀಳತೈತ್ರಿ, ಬಂದ ನೋಡ್ರಿ ಬೇಕಾದ್ರ" ಎಂದು ಸಿಟ್ಟಾದರು. ಅವರು ಹೇಳಿದ್ದು ನಿಜ. ಫಾರ್ಮಿನಲ್ಲಿದ್ದದ್ದು ಸುಳ್ಳು. ಎರಡೂ ಅವರದೇ ಅಂಕಿ.

ನಾಲ್ಕು ಭೇಟಿ, ಲೆಕ್ಕವಿಲ್ಲದಷ್ಟು ಫೋನು. ಅಕ್ಕಾರು ತಮ್ಮ ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದರು. ಬಿಡಿಬಿಡಿಯಾಗಿ ಸೇರಿಸಿದರೆ 11 ದಿನ.

ಮಾಡಿ ನೋಡಿದ್ದು

ಮುಂದಿನ ಸಲ ಮತ್ತೆ ಗಿರಣಿಯ ಹೆಸರು ಬಂದಾಗ ಸಾವ್ಕಾರ್ರು ನನ್ನನ್ನು ಕರೆಸಿದರು. ಅವರ ಮೊದಲ ಸಲಹೆ ಇದು: "ಹೋದ ವರ್ಷದ್ದಕ್ಕ ಹತ್ತು ಪರ್ಸೆಂಟ್ ಸೇರ್ಸಿ ಕಳಿಸಿಬಿಡ್ರಿ. ಯಾರ್ ನೋಡ್ತಾರ."

ಆ ಕ್ಷಣ ನನಗೂ ಅದು ಸುಲಭದ ದಾರಿ ಅನ್ನಿಸಿತು. ಹಾಗೆ ಮಾಡಿದ ಗಿರಣಿಗಳು ಇವೆ, ನನಗೆ ಗೊತ್ತು. ಆದರೆ ಆ ವರ್ಷ ಮಳೆ ಕೈಕೊಟ್ಟಿತ್ತು, ಹತ್ತಿ ಬಂದದ್ದೇ ಕಡಿಮೆ. ಜಿಲ್ಲೆಯಲ್ಲಿ ಇರುವುದೇ ಬೆರಳೆಣಿಕೆಯ ಗಿರಣಿಗಳು. ಅವೆಲ್ಲ ಹತ್ತು ಪರ್ಸೆಂಟ್ ಏರಿಸಿ ಬರೆದರೆ ಗದಗಿನಲ್ಲಿ ಹತ್ತಿ ಚೆನ್ನಾಗಿದೆ ಅಂತ ಲೆಕ್ಕ ಹೋಗುತ್ತದೆ, ಅಲ್ವಾ? ಬರಗಾಲದ ವರ್ಷದಲ್ಲಿ ನಾವೇ ನಮ್ಮ ಕಷ್ಟವನ್ನು ಅಳಿಸಿಹಾಕಿದ ಹಾಗೆ. ಇದನ್ನು ಹೇಳಿದಾಗ ಸಾವ್ಕಾರ್ರು ಸುಮ್ಮನಾದರು. ಅವರ ಸ್ವಂತ ಹೊಲವೂ ಒಣಗಿತ್ತು.

ಎರಡನೇ ಪ್ರಯತ್ನ, ಫಾರ್ಮನ್ನು ಆಡಿಟರ್ ಆಫೀಸಿಗೆ ಕಳಿಸಿದ್ದು. ಬೇಗ ಮುಗಿಯಿತು, ದುಡ್ಡೂ ಹೋಯಿತು, ಉಪಯೋಗವಾಗಲಿಲ್ಲ. ಅವರ ಕೈಯಲ್ಲಿದ್ದದ್ದು ಬ್ಯಾಲೆನ್ಸ್ ಶೀಟ್. ಅದರಲ್ಲಿ ರೂಪಾಯಿ ಇರುತ್ತದೆ, ಕ್ವಿಂಟಲ್ ಇರುವುದಿಲ್ಲ. ಜೊತೆಗೆ ಕಡಲೆ ಅಂಗಡಿಯ ವಹಿವಾಟೂ ಅದರಲ್ಲೇ ಕಲೆತಿತ್ತು. ಸಮೀಕ್ಷೆ ಕೇಳುವುದು ಕಾರ್ಖಾನೆಯ ಲೆಕ್ಕ, ಆಡಿಟ್ ಆಗುವುದು ಇಡೀ ಸಂಸ್ಥೆಯದು. ಹೊರಗಿನವರಿಗೆ ವಹಿಸಿಬಿಟ್ಟರೆ ಹೊರೆ ಇಳಿಯುತ್ತದೆ ಎಂಬ ನಂಬಿಕೆ ಇಲ್ಲಿ ಬಿದ್ದುಹೋಯಿತು.

ಆಗ ನಾನು ಅಧಿಕಾರಿಗೆ ಫೋನ್ ಮಾಡಿ ಒಂದು ಮಾತು ಕೇಳಿದೆ. ಫಾರ್ಮ್ ತುಂಬುವ ಮೊದಲು ಅರ್ಧ ದಿನ ನಮ್ಮ ವಹಿಗಳನ್ನು ನೋಡಲು ಬರುತ್ತೀರಾ? ಅವರು ಒಪ್ಪಿದರು. ಅವರಿಗೂ ನಾಲ್ಕು ಸಲ ಓಡಾಡುವುದು ಬೇಡವಾಗಿತ್ತು. ಈ ಪ್ರಕರಣದಲ್ಲಿ ದಾರಿ ತಿರುಗಿದ್ದು ಅಲ್ಲೇ.

ಆ ಮಧ್ಯಾಹ್ನ ನಾವು ಫಾರ್ಮನ್ನು ಬದಿಗಿಟ್ಟು ಕಾಟಾದ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆವು. ಒಂದು ಗಾಡಿ ಒಳಗೆ ಬಂದಾಗಿನಿಂದ ಬೇಲ್ ಹೊರಗೆ ಹೋಗುವವರೆಗೆ ಯಾರು ಎಲ್ಲಿ ಏನು ಬರೆಯುತ್ತಾರೆ ಎಂದು ಅಕ್ಕಾರು ತೋರಿಸಿದರು. ಕೂಲಿ ಹತ್ತಿಯ ಚೀಟಿ ಬಂದಾಗ ಅಧಿಕಾರಿ ತಡೆದರು. "ಸಾವ್ಕಾರ್ರ, ಇದು ನಿಮ್ಮ ಹತ್ತಿ ಅಲ್ಲಲ್ರಿ. ನೀವು ಬರೇ ಬಿಡಿಸಿದ ಕೂಲಿ ತಗೊಂಡೀರಿ. ಇದು ನಿಮ್ಮ ಕಚ್ಚಾ ಮಾಲಿನಾಗ ಬರಂಗಿಲ್ಲ. ಆ ಕೂಲಿ ಬೇರೆ ಆದಾಯದ ಬ್ಲಾಕಿನಾಗ ಬರತೈತಿ."

ಹೋದ ವರ್ಷದ 20 ಪರ್ಸೆಂಟಿನ ಗಂಟು ಒಂದು ನಿಮಿಷದಲ್ಲಿ ಬಿಚ್ಚಿತು.

ಆ ದಿನ ಒಂದು ಹಾಳೆ ತಯಾರಾಯಿತು. ಎಡಗಡೆ ಫಾರ್ಮಿನ ಪ್ರತಿ ಕಲಂ, ಬಲಗಡೆ ಅದು ನಮ್ಮ ಯಾವ ವಹಿಯ ಯಾವ ಪುಟದಲ್ಲಿ ಸಿಗುತ್ತದೆ, ಯಾವ ಅಳತೆಯಲ್ಲಿದೆ, ಎಷ್ಟರಿಂದ ಗುಣಿಸಬೇಕು. ವಸ್ತುಗಳ ಸಂಕೇತಗಳನ್ನೂ ಅಲ್ಲೇ ಬರೆದುಕೊಂಡೆವು. ಹತ್ತಿ, ಅರಳೆ, ಹತ್ತಿಕಾಳು ಪ್ರತಿ ವರ್ಷವೂ ಅವೇ. ಅವುಗಳ ಸಂಕೇತವನ್ನು ಪ್ರತಿ ವರ್ಷ ಹೊಸದಾಗಿ ಹುಡುಕುತ್ತಿದ್ದೆವು ಎಂಬುದೇ ನನಗೆ ಬೇಜಾರು ತಂದಿತು.

ಹಾಳೆಯ ಜೊತೆ ಗಿರಣಿಯ ಒಳಗೂ ಕೆಲವು ಬದಲಾವಣೆ ಮಾಡಿಕೊಂಡೆವು. ಕಾಟಾದ ವಹಿಯಲ್ಲಿ 'ಸ್ವಂತ' ಮತ್ತು 'ಕೂಲಿ' ಎಂದು ಎರಡು ಕಲಂ. ಬೇಲ್ ವಹಿಯಲ್ಲಿ ಪ್ರತಿ ಬೇಲಿನ ತೂಕ ಕಿಲೋದಲ್ಲಿ. ಟ್ಯಾಲಿಯಲ್ಲಿ ಗಿರಣಿಗೂ ಅಂಗಡಿಗೂ ಖರ್ಚಿನ ಖಾತೆ ಬೇರೆ ಬೇರೆ. ಮಾರ್ಚ್ 31ರಂದು ಉಳಿದ ಬೇಲ್ ಮತ್ತು ಹತ್ತಿಕಾಳಿನ ಎಣಿಕೆ. ಈ ಕೊನೆಯದ್ದು ಯಾಕೆ ಅಂದರೆ, ಹತ್ತಿಯವರ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರಿಗೆ. ಸಮೀಕ್ಷೆಯ ವರ್ಷ ಏಪ್ರಿಲ್‌ನಿಂದ ಮಾರ್ಚಿಗೆ. ಸಾವ್ಕಾರ್ರು ಲೆಕ್ಕ ಹಾಕುವುದೆಲ್ಲ ಹಂಗಾಮಿಗೆ. ಮಾರ್ಚಿನಲ್ಲಿ ಗೋದಾಮಿನಲ್ಲಿ ಏನಿತ್ತು ಅಂತ ಕೇಳಿದರೆ ಜುಲೈನಲ್ಲಿ ಯಾರಿಗೆ ನೆನಪಿರುತ್ತದೆ?

ಹಮಾಲರ ಲೆಕ್ಕ ಮಾತ್ರ ಸುಲಭವಾಗಿ ಬಗೆಹರಿಯಲಿಲ್ಲ. ಫಾರ್ಮ್ ಕೇಳುವುದು ಎಷ್ಟು ಜನ, ಎಷ್ಟು ದಿನ ಕೆಲಸ ಮಾಡಿದರು ಎಂದು. ಗುತ್ತಿಗೆಯವರನ್ನು ಬೇರೆ ತೋರಿಸಬೇಕು. ಇಲ್ಲಿ ಹಮಾಲರಿಗೆ ದುಡ್ಡು ಕೊಡುವುದು ಬೇಲಿನ ಲೆಕ್ಕದಲ್ಲಿ, ಅದೂ ಅವರ ಮೇಸ್ತ್ರಿ ಮುಕಾದಮನ ಕೈಗೆ. ಎಷ್ಟು ಜನ ಬಂದಿದ್ದರು ಎಂಬುದು ಎಲ್ಲೂ ಬರೆದಿರುವುದಿಲ್ಲ. ಮುಕಾದಮನಿಗೆ ದಿನಾ ಸಂಜೆ ಒಂದು ಚೀಟಿಯಲ್ಲಿ ಜನರ ಸಂಖ್ಯೆ ಬರೆದುಕೊಡಲು ಹೇಳಿದೆವು. ಅವನು ಮೊದಲು ಒಪ್ಪಲಿಲ್ಲ. ಪಿಎಫ್ ಕಟ್ಟಿಸಲು ಇದು ತಂತ್ರ ಎಂದು ಅವನ ಅನುಮಾನ. ಅರ್ಧ ಹಂಗಾಮಿನ ಚೀಟಿ ಸಿಕ್ಕವು, ಉಳಿದದ್ದನ್ನು ಬೇಲ್ ಎಣಿಕೆಯಿಂದ ಅಂದಾಜು ಮಾಡಿ, ಅಂದಾಜು ಎಂದೇ ಅಧಿಕಾರಿಗೆ ತಿಳಿಸಿದೆವು.

ಭಯದ ಮಾತು

ಸಾವ್ಕಾರ್ರ ಮನಸ್ಸಿನಲ್ಲಿ ಇನ್ನೊಂದು ಮುಳ್ಳಿತ್ತು. ಅದನ್ನು ಅವರು ಅಧಿಕಾರಿ ಹೋದ ಮೇಲೆ ನನ್ನ ಹತ್ತಿರ ಹೇಳಿದರು. ಈ ಅಂಕಿ ಮುಂದೆ ತೆರಿಗೆಯವರ ಕೈಗೆ ಹೋದರೆ? ಪಕ್ಕದ ಗಿರಣಿಯವರಿಗೆ ನಮ್ಮ ಖರೀದಿ ದರ ಗೊತ್ತಾದರೆ?

ಮುಚ್ಚಿಡುವಂಥದ್ದು ಅವರಲ್ಲಿ ಏನೂ ಇರಲಿಲ್ಲ. ಆದರೆ ಈ ಭಯ ಇರುವವರೆಗೆ ಯಾರೂ ಸರಿಯಾದ ಅಂಕಿ ಕೊಡುವುದಿಲ್ಲ. ಎಎಸ್‌ಐ ನಡೆಯುವುದು 2008ರ ಅಂಕಿಅಂಶ ಸಂಗ್ರಹ ಕಾಯ್ದೆಯಡಿ. ಕೊಡಲೇಬೇಕು ಎನ್ನುವ ಕಾಯ್ದೆ ಅದೇ. ಕೊಟ್ಟದ್ದನ್ನು ಅಂಕಿಅಂಶದ ಕೆಲಸಕ್ಕೆ ಮಾತ್ರ ಬಳಸಬೇಕು ಎನ್ನುವುದೂ ಅದೇ. ಒಂದೊಂದು ಗಿರಣಿಯ ಫಾರ್ಮನ್ನು ಈ ಕೆಲಸಕ್ಕೆ ಸಂಬಂಧವಿಲ್ಲದವರಿಗೆ ತೋರಿಸುವಂತಿಲ್ಲ. ನೋಟಿಸಿನಲ್ಲಿ ಕೊಡಲೇಬೇಕು ಎಂಬ ಮಾತು ಎಲ್ಲರ ಕಣ್ಣಿಗೆ ಬೀಳುತ್ತದೆ. ಗುಟ್ಟು ಕಾಯುತ್ತೇವೆ ಎಂಬ ಮಾತನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಮೊದಲ ಸಾಲಿನಲ್ಲೇ ಹಾಕಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಾನು ಆ ಕಲಮನ್ನು ಕನ್ನಡದಲ್ಲಿ ಓದಿ ಹೇಳಿದೆ. ಮರುದಿನ ಬೆಳಿಗ್ಗೆ ಸಾವ್ಕಾರ್ರು ಖರೀದಿ ವಹಿಯನ್ನೇ ತಂದು ಮೇಜಿನ ಮೇಲಿಟ್ಟರು.

ಏನಾಯಿತು

ಹಂಗಾಮಿನ ನಡುವೆ ಬರುವುದು ಬೇಡ ಎಂದು ಮೊದಲೇ ಕೇಳಿಕೊಂಡಿದ್ದೆವು. ಅಧಿಕಾರಿ ತಮಗಿದ್ದ ಗಡುವಿನೊಳಗೇ ಗಿರಣಿ ನಿಂತ ಮೇಲಿನ ದಿನ ಹೊಂದಿಸಿಕೊಂಡರು. ಹಾಳೆ ಮುಂದಿಟ್ಟುಕೊಂಡು ಅಕ್ಕಾರು ಒಬ್ಬರೇ ಫಾರ್ಮ್ ತುಂಬಿದರು. ಒಂದೂವರೆ ದಿನ. ಆಮೇಲೆ ಎರಡು ಪ್ರಶ್ನೆ ಬಂದವು, ಎರಡೂ ಹಮಾಲರ ದಿನಗಳ ಬಗ್ಗೆ. ಫೋನಿನಲ್ಲೇ ಮುಗಿಯಿತು. ಇಳುವರಿ 34 ಎಂದು ಸರಿಯಾಗಿ ಬಿತ್ತು.

ನಾವು ಎಣಿಸಿರದ ಲಾಭವೂ ಒಂದು ಆಯಿತು. ಸ್ವಂತ ಮತ್ತು ಕೂಲಿ ಬೇರೆಯಾದ ಮೇಲೆ ಕೂಲಿ ಕೆಲಸದಲ್ಲಿ ಕರೆಂಟಿನ ಖರ್ಚು ಕಳೆದರೆ ಏನು ಉಳಿಯುತ್ತದೆ ಎಂದು ಸಾವ್ಕಾರ್ರಿಗೆ ಮೊದಲ ಸಲ ಕಂಡಿತು. ಮುಂದಿನ ಹಂಗಾಮಿಗೆ ಅವರು ಕೂಲಿ ದರ ಏರಿಸಿದರು.

ಬಗೆಹರಿಯದೆ ಉಳಿದದ್ದೂ ಇದೆ. ಆ ಇನ್ನೊಂದು ಕಚೇರಿ ಈಗಲೂ ತನ್ನದೇ ನಮೂನೆಯಲ್ಲಿ ಕೇಳುತ್ತದೆ. ಎಎಸ್‌ಐಗೆ ಕೊಟ್ಟ ಪ್ರತಿಯನ್ನೇ ಕೊಡುತ್ತೇವೆ ಎಂದರೆ ಆಗುವುದಿಲ್ಲ ಎಂಬ ಉತ್ತರ ಬಂತು.

ಜಿಎಸ್‌ಟಿಯಲ್ಲೇ ಎಲ್ಲ ಇದೆಯಲ್ಲ, ಮತ್ತೆ ಯಾಕೆ ಕೇಳುತ್ತಾರೆ ಎಂದು ಬಹಳ ಜನ ಕೇಳುತ್ತಾರೆ. ಅದರಲ್ಲಿ ಅರ್ಧ ನಿಜವಿದೆ. ರೈತರಿಂದ ಕೊಂಡ ಹತ್ತಿಗೆ ಕೊಳ್ಳುವವರೇ ತೆರಿಗೆ ಕಟ್ಟುವ ಪದ್ಧತಿ 2017ರ ನವೆಂಬರಿನಿಂದ ಇದೆ. ಹಾಗಾಗಿ ಖರೀದಿಯ ಮೊತ್ತ ರಿಟರ್ನಿನಲ್ಲಿ ಬರುತ್ತದೆ. ಮಾರಿದ ಮಾಲಿನ ಪ್ರಮಾಣವೂ, ಮಾಲು ಯಾವ ಬಗೆಯದು ಎಂದು ಹೇಳುವ ಎಚ್‌ಎಸ್‌ಎನ್ ಸಂಖ್ಯೆಯ ಜೊತೆ ಹೋಗುತ್ತದೆ. ಆದರೆ 5201 ಎಂಬ ಸಂಖ್ಯೆಯಡಿ ಬಿಡಿಸದ ಹತ್ತಿಯೂ ಬರುತ್ತದೆ, ಅರಳೆಯೂ ಬರುತ್ತದೆ. ಗಿರಣಿ ಎಂದರೆ ಒಂದನ್ನು ಇನ್ನೊಂದು ಮಾಡುವ ಜಾಗ. ಎರಡಕ್ಕೂ ಒಂದೇ ಸಂಖ್ಯೆ ಇದ್ದರೆ ಗಿರಣಿಯ ಕೆಲಸವೇ ಕಾಣುವುದಿಲ್ಲ. ಹಾಗೆಯೇ ಮಾರಿದ್ದು ಬೇರೆ, ತಯಾರಾದದ್ದು ಬೇರೆ. ಮೊತ್ತಗಳನ್ನು ತೆರಿಗೆಯ ದಾಖಲೆಯಿಂದ ತೆಗೆದುಕೊಂಡು, ಅಲ್ಲಿ ಸಿಗದ ಪ್ರಮಾಣ ಮತ್ತು ಕೆಲಸದ ದಿನಗಳನ್ನು ಮಾತ್ರ ಗಿರಣಿಯವರನ್ನು ಕೇಳಿದರೆ ಫಾರ್ಮ್ ಎಷ್ಟೋ ಸಣ್ಣದಾಗುತ್ತದೆ. ಹೋದ ವರ್ಷ ಕೊನೆಗೆ ಬರೆದ ಸ್ಥಿರ ಆಸ್ತಿಯೇ ಈ ವರ್ಷದ ಮೊದಲ ಅಂಕಿ. ಅದನ್ನು ನಮ್ಮಿಂದ ಎರಡನೇ ಸಲ ಬರೆಸಬೇಕಾಗಿಲ್ಲ. ವಿಶ್ವಸಂಸ್ಥೆ 1994ರಲ್ಲಿ ಒಪ್ಪಿದ ಅಧಿಕೃತ ಅಂಕಿಅಂಶಗಳ ಮೂಲ ತತ್ವಗಳಲ್ಲಿ ಐದನೆಯದು, ಮಾಹಿತಿ ಎಲ್ಲಿಂದ ಪಡೆಯಬೇಕು ಎಂದು ಆರಿಸುವಾಗ ಗುಣಮಟ್ಟ, ಸಮಯ, ಖರ್ಚಿನ ಜೊತೆಗೆ ಉತ್ತರಿಸುವವರ ಮೇಲೆ ಬೀಳುವ ಹೊರೆಯನ್ನೂ ನೋಡಬೇಕು ಎನ್ನುತ್ತದೆ. ಅಕ್ಕಾರ ಡೈರಿಯ 11 ದಿನಗಳು ಆ ಹೊರೆಯೇ.

ಪಕ್ಕದ ಗಿರಣಿ

ವಿಷಯ ಕೇಳಿ ಇನ್ನೊಂದು ಗಿರಣಿಯವರು ಬಂದು ನಮ್ಮ ಹಾಳೆಯ ಜೆರಾಕ್ಸ್ ಒಯ್ದರು. ತಿಂಗಳ ನಂತರ ಫೋನ್ ಮಾಡಿದರು. ಲೆಕ್ಕ ಕೂಡುತ್ತಿಲ್ಲ, ಹತ್ತಿಕಾಳು ಕಡಿಮೆ ಬರುತ್ತಿದೆ ಎಂದರು. ಹೋಗಿ ನೋಡಿದರೆ ಅವರದು ಅದೇ ಕಂಪೌಂಡಿನಲ್ಲಿ ಎಣ್ಣೆ ಗಿರಣಿಯೂ ಇತ್ತು. ಜಿನ್ನಿನಿಂದ ಬಿದ್ದ ಹತ್ತಿಕಾಳು ಮಾರಾಟವಾಗದೆ ಗೋಡೆಯ ಆಚೆ ಎಣ್ಣೆ ತೆಗೆಯುವ ಎಕ್ಸ್‌ಪೆಲ್ಲರಿಗೆ ನೇರವಾಗಿ ಹೋಗುತ್ತಿತ್ತು. ಅದಕ್ಕೆ ಬಿಲ್ಲೂ ಇಲ್ಲ, ತೂಕವೂ ಇಲ್ಲ. ನಮ್ಮ ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅವರ ಗಿರಣಿಗೆ ಅವರದೇ ಹಾಳೆ ಬೇಕು. ಈಗ ಗೋಡೆಯ ಆ ಬಾಗಿಲ ಬಳಿ ಒಂದು ಸಣ್ಣ ಕಾಟಾ ಇಟ್ಟಿದ್ದಾರೆ. ಅದರ ವಹಿ ಹೇಗಿರಬೇಕು ಎಂದು ತೋರಿಸಲು ಮುಂದಿನ ವಾರ ಅಕ್ಕಾರು ಅಲ್ಲಿಗೆ ಹೋಗುತ್ತಿದ್ದಾರೆ.